ಮೊದಲ ಎಣ್ಣೆಯ ಹಕ್ಕು

ನಮ್ಮ ಮನೆಯ ಗಂಡುಕೂಸಿನ ನೆತ್ತಿಗೆ ಮೊದಲ ಎಣ್ಣೆ ಯಾರು ಹಚ್ಚಬೇಕೆಂಬ ವ್ಯಾಜ್ಯವನ್ನು ಸಂಶೋಧನೆಯ ಮೂಲಕ ಬಗೆಹರಿಸುತ್ತೇನೆಂದು ನಾನು ಹೊರಟದ್ದೇ ತಪ್ಪು ಎಂದು ಈಗ ಎಲ್ಲರೂ ಹೇಳುತ್ತಾರೆ. ಆಗ ಒಬ್ಬರೂ ಹೇಳಲಿಲ್ಲ. (ನನ್ನ ಹೆಂಡತಿ ಹೇಳಿದ್ದಳು. ಆದರೆ ವ್ಯಾಜ್ಯದಲ್ಲಿ ಸಂಬಂಧವಿರುವವರ ಅಭಿಪ್ರಾಯವನ್ನು ಆರಂಭದಲ್ಲಿಯೇ ಕಿವಿಗೆ ಹಾಕಿಕೊಂಡರೆ ಸಂಶೋಧನೆ ಕೆಡುತ್ತದೆ.)

ಪೊಲೀಸ್ ಆಕ್ಷನ್ ಆಗಿ ನಾಲ್ಕನೆಯ ವರ್ಷ ನಡೆಯುತ್ತಿತ್ತು. ಹೈದರಾಬಾದ್ ಸಂಸ್ಥಾನ ಇನ್ನೂ ಒಡೆದಿರಲಿಲ್ಲ. ಒಡೆಯುವ ಮಾತು ಮಾತ್ರ ಚಹದ ಅಂಗಡಿಗಳಲ್ಲಿ ಕುದಿಯುತ್ತಿತ್ತು. ನಾನು, ಜ್ಞಾನಪ್ರಕಾಶ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಚರಿತ್ರೆಯ ಎಂ.ಎ. ಮುಗಿಸಿ ಬೀದರಿನ ಒಂದು ಸಾಲೆಯಲ್ಲಿ ಮಾಸ್ತರನಾಗಿದ್ದೆ. ರಜೆಯ ದಿನಗಳಲ್ಲಿ ಭಾಲ್ಕಿ, ಔರಾದ ಎಂದು ತಿರುಗಿ ವೃದ್ಧರ ಬಾಯಿಂದ ಹಳೆಯ ಸಂಗತಿಗಳನ್ನು ಕೇಳಿ ಬರೆದುಕೊಳ್ಳುವುದು ನನ್ನ ವ್ರತ. ನನ್ನ ಹೆಂಡತಿ ಲಿಡಿಯಾ ದವಾಖಾನೆಯಲ್ಲಿ ನರ್ಸು. ಬೀದರಿನ ಮೈಲೂರು ಭಾಗದ ನಮ್ಮ ಓಣಿಯ ಬಹುಪಾಲು ಕೂಸುಗಳು ಮೊದಲ ಬಾರಿ ಅತ್ತದ್ದು ಅವಳ ಕೈಯಲ್ಲಿ. ಹುಟ್ಟುವವರನ್ನು ಅವಳು, ಹೊರಡಲು ಸಿದ್ಧರಾದವರನ್ನು ನಾನು ಎಂದು ಊರಿನ ಜನಸಂಖ್ಯೆಯನ್ನು ನಾವಿಬ್ಬರೂ ಹಂಚಿಕೊಂಡಿದ್ದೆವು.

ವ್ಯಾಜ್ಯದ ಬೇರು ನಮ್ಮ ಮೊದಲ ಮಗಳು ಗ್ರೇಸಳಲ್ಲಿದೆ. ಅವಳು ಹುಟ್ಟಿದ್ದು ಪೊಲೀಸ್ ಆಕ್ಷನ್ನಿನ ವಾರದಲ್ಲಿ. ರೈಲು ನಿಂತಿತ್ತು, ಮೋಟಾರು ನಿಂತಿತ್ತು, ಬಾಗಿಲು ತೆರೆಯುವ ಧೈರ್ಯವೂ ನಿಂತಿತ್ತು. ನನ್ನ ತಾಯಿ ಭಾಲ್ಕಿಯಲ್ಲಿ ಸಿಕ್ಕಿಕೊಂಡರು. ಲಿಡಿಯಾಳ ತಾಯಿ ಔರಾದದ ಆಚೆ ಚಿಂತಾಕಿಯಲ್ಲಿ ಸಿಕ್ಕಿಕೊಂಡರು. ಕೂಸಿನ ನೆತ್ತಿಗೆ ಎಣ್ಣೆ ಒತ್ತುವ ಹಿರಿಯ ಕೈ ಮನೆಯಲ್ಲಿ ಇರಲಿಲ್ಲವಾದ್ದರಿಂದ, ಲಿಡಿಯಾ ಮಲಗಿದಲ್ಲಿಂದಲೇ ಹೇಳಿಕೊಟ್ಟಂತೆ ನಾನೇ ಒತ್ತಿದೆ. ಚರಿತ್ರೆಯ ದೊಡ್ಡ ಘಟನೆಗಳು ಸಣ್ಣ ಮನುಷ್ಯರ ಕೈಗೆ ದೊಡ್ಡ ಅಧಿಕಾರ ಕೊಡುತ್ತವೆ ಎಂಬುದಕ್ಕೆ ಇದೊಂದು ನಿದರ್ಶನವೆಂದು ನಾನು ಹೆಮ್ಮೆಪಟ್ಟಿದ್ದೆ.

ಹೆಮ್ಮೆ ಬಹಳ ದಿನ ಬಾಳಲಿಲ್ಲ. ನಮ್ಮ ಕಡೆ ಒಂದು ನಂಬಿಕೆ ಇದೆ. ಮೊದಲ ಎಣ್ಣೆ ಹಚ್ಚಿದ ಕೈಯ ಗುಣವೇ ಕೂಸಿಗೆ ಬರುತ್ತದೆ. ಗ್ರೇಸ ಮಾತು ಕಲಿತ ದಿನದಿಂದ ಓಣಿಯ ಮುದುಕರನ್ನು ನಿಲ್ಲಿಸಿ, ‘ನಿಮ್ಮ ಹಲ್ಲು ಎಲ್ಲಿ ಹೋದವು, ಯಾವಾಗ ಹೋದವು, ಯಾರು ನೋಡಿದ್ದಾರೆ’ ಎಂದು ವಿಚಾರಿಸತೊಡಗಿದಳು. ಇಬ್ಬರು ಅಜ್ಜಿಯರೂ ಒಬ್ಬರನ್ನೊಬ್ಬರು ನೋಡಿ ನಿಟ್ಟುಸಿರು ಬಿಟ್ಟರು. ಮುಂದಿನ ಕೂಸಿಗೆ ಇಂಥ ಅನಾಹುತ ಆಗಗೊಡಬಾರದೆಂದು ಬೇರೆಬೇರೆಯಾಗಿ, ಮನಸ್ಸಿನಲ್ಲಿಯೇ, ಶಪಥ ಮಾಡಿದರು.

ಈಗ ಆ ಮುಂದಿನ ಕೂಸು ಬಂದಿತ್ತು. ಇಬ್ಬರೂ ಒಂದೇ ದಿನ ನಮ್ಮ ಮನೆಯ ಮುಂದೆ ಟಾಂಗಾದಿಂದ ಇಳಿದರು. ಇಬ್ಬರ ಕೈಯಲ್ಲೂ ಒಂದೊಂದು ಬಾಟಲಿ.

ನನ್ನ ತಾಯಿ ಮಾರ್ಥಾಬಾಯಿ ಮಿಷನ್ನಿನ ಉಪದೇಶಕರ ವಿಧವೆ. ಅವರ ದನಿಯಲ್ಲಿ ಪ್ರಾರ್ಥನೆಗೂ ಆಜ್ಞೆಗೂ ವ್ಯತ್ಯಾಸವಿಲ್ಲ. ಅತ್ತೆ ರಾಹೇಲಬಾಯಿಯವರದು ತಲೆತಲಾಂತರದಿಂದ ಕುರಿ ಸಾಕಿದ ಮನೆತನ. ಕ್ರೈಸ್ತ ಸಭೆಗೆ ಸೇರಿದ ಮೇಲೂ ಕುರಿ ಬಿಡಲಿಲ್ಲ, ಕುರಿಗೆ ಕೂಗುವ ದನಿಯನ್ನೂ ಬಿಡಲಿಲ್ಲ.

“ಬೀಗ್ತೇರ, ಆ ಬಾಟ್ಲಿ ಏನ್ರಿ?” ಎಂದು ನಮ್ಮ ತಾಯಿ ನೀರು ಕುಡಿಯುವ ಮೊದಲೇ ಕೇಳಿದರು.

“ಎಳ್ಳೆಣ್ಣಿ ರಿ. ಗಾಣದ್ದು. ಕೂಸಿನ ನೆತ್ತಿಗಿ.”

“ಸುಮ್ಮನ ತಕಲೀಫ ಯಾಕ ತಗೊಂಡ್ರಿ? ನಾ ಕುಸುಬಿ ಎಣ್ಣಿ ತಂದೀನಲ್ಲ.”

“ಛಲೋ ಆತು ಬಿಡ್ರಿ. ಕುಸುಬಿ ಎಣ್ಣಿ ಭಜಿ ಕರೀಲಿಕ್ಕಿ ಭಾಳ ಛಲೋ.”

“ಎಳ್ಳೆಣ್ಣಿನೂ ಛಲೋನೇ ರಿ. ಗಾಡಿ ಗಾಲಿಗಿ.”

ಇಷ್ಟು ಸೌಜನ್ಯದ ಮಾತು ಮುಗಿದ ಮೇಲೆ ಜಗಳ ಶುರುವಾಯಿತು. ತಂದೆಯ ತಾಯಿಯ ಹಕ್ಕು ಎಂದು ಭಾಲ್ಕಿ. ತಾಯಿಯ ತಾಯಿಯ ಹಕ್ಕು ಎಂದು ಚಿಂತಾಕಿ. ತನ್ನನ್ನು ಬಿಟ್ಟು ಬೇರೆಯವರು ಹಚ್ಚಿದರೆ ಅದೇ ದಿನ ಊರಿಗೆ ಹೊರಡುವುದಾಗಿ ಇಬ್ಬರೂ ಸಾರಿದರು. ಫೈಸಲಾ ಆಗುವ ತನಕ ಕೂಸಿನ ತಲೆಗೆ ಯಾರೂ ಒಂದು ಹನಿ ಎಣ್ಣೆ ಮುಟ್ಟಿಸಕೂಡದೆಂಬ ಒಂದು ಅಂಶದಲ್ಲಿ ಮಾತ್ರ ಉಭಯ ಪಕ್ಷಗಳ ನಡುವೆ ಒಪ್ಪಂದವಾಯಿತು.

ಲಿಡಿಯಾ ನನ್ನನ್ನು ಹಿತ್ತಲಿಗೆ ಕರೆದಳು.

“ಕೇಳ್ರಿ ಇಲ್ಲಿ. ಕೂಸಿನ ದೀಕ್ಷಾಸ್ನಾನ ಆದ ಮರುದಿನ ನನ್ನ ರಜಾ ಮುಗೀತದ. ನನಗ ಇಬ್ಬರೂ ಬೇಕು. ಒಬ್ಬರು ಕೂಸಿಗಿ, ಒಬ್ಬರು ಒಲಿಗಿ ಮತ್ತ ಗ್ರೇಸಗ. ಯಾರರೆ ಒಬ್ಬರು ಸಿಟ್ಟಾಗಿ ಗಾಡಿ ಹತ್ತಿದ್ರಂದ್ರ ನನ್ನ ನೌಕರಿ ಹೋತಂತ ತಿಳೀರಿ. ನಿಮ್ಮ ಮುದುಕರು ಬಂದು ತೊಟ್ಲಾ ತೂಗತಾರೇನು?”

“ನೀ ಚಿಂತಿ ಬಿಡು” ಎಂದೆ. “ಇದು ಹಕ್ಕಿನ ಪ್ರಶ್ನೆ. ಹಕ್ಕು ಗೊತ್ತಾಗಬೇಕಾದ್ರ ಮೂಲ ಗೊತ್ತಾಗಬೇಕು. ತಲಿಗಿ ಎಣ್ಣಿ ಹಚ್ಚೋದು ಎಲ್ಲಿಂದ ಬಂತು, ಯಾಕ ಬಂತು, ಮೊದಲು ಯಾರು ಹಚ್ಚಿದರು? ನಾ ಜನರನ್ನ ಕೇಳಿ ಬರ್ತೇನಿ.”

“ಕೂಸಿಗಿ ಬೇಕಾಗಿದ್ದು ಎಣ್ಣಿ ರಿ. ಇತಿಹಾಸ ಅಲ್ಲ” ಎಂದಳು ಲಿಡಿಯಾ. (ಮೇಲೆ ಹೇಳಿದ ಆಕ್ಷೇಪ ಇದೇ.) ಆಮೇಲೆ ಒಳಗೆ ಹೋಗಿ ಕೂಸಿನ ತಲೆಗೆ ಕುಂಚಿಗೆ ಕಟ್ಟಿದಳು. ಕಿವಿ ಮುಚ್ಚಿ ಬೆನ್ನಿನವರೆಗೆ ಇಳಿಯುವ ಆ ಟೊಪ್ಪಿಗೆ ಅಂದಿನಿಂದ ಹಗಲಿರುಳು ಕೂಸಿನ ತಲೆಯ ಮೇಲೆಯೇ ಇರತೊಡಗಿತು. “ಥಂಡಿ ಅದ” ಎಂದು ಹೇಳಿ, ಸ್ನಾನವನ್ನೂ ಅವಳೇ ಬಾಗಿಲು ಮುಚ್ಚಿ ಮಾಡಿಸುತ್ತಿದ್ದಳು. ಎಣ್ಣೆ ಕಾಣದ ನೆತ್ತಿಯನ್ನು ಓಣಿಯವರ ಕಣ್ಣಿನಿಂದ ಮರೆಮಾಡುವ ಉಪಾಯವೆಂದು ನಾನು ಅರ್ಥಮಾಡಿಕೊಂಡೆ. ಅರ್ಥಮಾಡಿಕೊಂಡದ್ದಕ್ಕೆ ಕಾರಣವೂ ಇತ್ತು. ಪಕ್ಕದ ಮನೆಯ ಹೀರಾಬಾಯಿ ಗೋಡೆಯ ಮೇಲಿಂದ ಇಣುಕಿ, “ಮಾಸ್ತರ, ನಿಮ್ಮ ಕೂಸಿನ ತಲಿ ಸುಣ್ಣದ ಗ್ವಾಡಿ ಆಗೇದಂತ, ಖರೇನ್ರಿ?” ಎಂದು ಕೇಳಿದ್ದಳು.

ನಮ್ಮ ಸಭೆಯ ಪಾಸ್ಟರ್ ಮಾರ್ಕ ಅವರಲ್ಲಿ ಮೊದಲು ಹೋದೆ. ಅವರು ಶಾಂತ ಮನುಷ್ಯರು. ಶಾಂತಿಗೆ ಭಂಗ ಬರುವ ಕಡೆ ಹೋಗದಿರುವುದು ಅವರ ಶಾಂತಿಯ ಗುಟ್ಟು. “ಚರ್ಚಿನ್ಯಾಗಿನ ನೀರು ನಂದು ರಿ ಮಾಸ್ತರ. ಮನ್ಯಾಗಿನ ಎಣ್ಣಿ ನಿಮ್ಮದು” ಎಂದು ಹೇಳಿ ಚಹ ತರಿಸಿದರು.

ಚಿದ್ರಿಯ ಹಕೀಮ ಮಹಮ್ಮದ ಇಸ್ಮಾಯಿಲ ಸಾಹೇಬರು ಇನ್ನೂ ಉದಾರವಾಗಿ ಮಾತಾಡಿದರು. “ಮಾಸ್ತರ ಸಾಬ, ಮಸೀಹ ಅಂದ್ರ ಏನು? ಎಣ್ಣಿ ಸವರಿಸಿಕೊಂಡಾಂವ ಅಂತ. ನಿಮ್ಮ ಮಸೀಹನ ಹೆಸರಿನ್ಯಾಗೇ ಎಣ್ಣಿ ಅದ, ನೀವು ಬಂದು ನನಗ ಕೇಳ್ತೀರಿ!” ಇದು ಸತ್ಯ, ಕ್ರಿಸ್ತ ಎಂಬ ಪದಕ್ಕೂ ಅಭಿಷಿಕ್ತನೆಂದೇ ಅರ್ಥ. ಹಿಂದಿನ ಕಾಲದಲ್ಲಿ ಅರಸನಿಗೂ ಯಾಜಕನಿಗೂ ಎಣ್ಣೆ ಹೊಯ್ದೇ ಪಟ್ಟ ಕಟ್ಟುತ್ತಿದ್ದರು. ನಾನು ಅದನ್ನು ಬರೆದುಕೊಳ್ಳುವಷ್ಟರಲ್ಲಿ ಹಕೀಮರು ಪೊಲೀಸ್ ಆಕ್ಷನ್ನಿಗೆ ಹೊರಳಿದ್ದರು. (ಆ ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಯಾವ ಪ್ರಶ್ನೆ ಕೇಳಿದರೂ ಉತ್ತರ ಅಲ್ಲಿಗೇ ಹೋಗಿ ಮುಟ್ಟುತ್ತಿತ್ತು.) “ಆ ವಾರ ಊರಾಗ ಎಲ್ಲಾರ ತಲೀನೂ ಕಾದಿತ್ತು. ನನ್ನ ಕಡಿ ಬಾದಾಮಿ ಎಣ್ಣಿ ಖತಂ ಆಗಿತ್ತು” ಎಂದು ಹೇಳಿ ಖಾಲಿ ಶೀಶೆಯೊಂದನ್ನು ಒರೆಸಿಟ್ಟರು. ಹಕ್ಕಿನ ಪ್ರಶ್ನೆ ಕೇಳಿದಾಗ ಮಾತ್ರ ನಕ್ಕರು. “ಯಾರ ಕೈ ಮೆತ್ತಗ ಅದನೋ ಅವರದು.” ಎರಡೂ ಕೈಗಳ ಬಗ್ಗೆ ನನಗೆ ಸ್ವಂತ ಅನುಭವವಿತ್ತು: ಒಂದರದು ಬಾಲ್ಯದಲ್ಲಿ, ಇನ್ನೊಂದರದು ಮದುವೆಯ ನಂತರ ಹೊಸ ಅಳಿಯನಿಗೆ ಮಾಡಿಸಿದ ಎಣ್ಣೆಸ್ನಾನದಲ್ಲಿ. ಆದ್ದರಿಂದ ಹಕೀಮರ ಮಾನದಂಡವನ್ನು ಬದಿಗಿಟ್ಟೆ.

ರೈಲು ಹತ್ತಿ ಭಾಲ್ಕಿಗೆ ಹೋದೆ. ನಮ್ಮ ತಾಯಿಯ ನೆರೆಯವಳಾದ ಜನಾಬಾಯಿ ಓಣಿಯ ಅತ್ಯಂತ ಹಿರಿಯ ಜೀವ. ನಾನು ಇನ್ನೂ ಚಪ್ಪಲಿ ಬಿಡುತ್ತಿದ್ದೆ.

“ಬಾ ತಮ್ಮಾ. ಅಪ್ಪನ ಅವ್ವನೇ ಹಚ್ಚಬೇಕು” ಎಂದಳು.

“ನಾ ಇನ್ನಾ ಏನೂ ಕೇಳೇ ಇಲ್ಲಲ್ಲ ಆಯಿ!”

“ಕೇಳು. ಆಗ ಮತ್ತ ಅದೇ ಹೇಳ್ತೇನಿ.”

“ಈ ಪದ್ಧತಿ ಎಂದಿನಿಂದ ಅದ?”

“ಹಿಂದಿನಿಂದ.”

“ಹಿಂದ ಅಂದ್ರ ಯಾವಾಗಿಂದ?”

“ಮೊನ್ನಿ ನಿಮ್ಮವ್ವ ಹೇಳಿ ಕಳಿಸಿದಾಗಿಂದ ನನಗ ಪಕ್ಕಾ ನೆನಪದ ನೋಡು.”

ಓಣಿಯ ಉಳಿದ ಮನೆಗಳಲ್ಲಿಯೂ ಸಾಕ್ಷ್ಯ ಇದೇ ಶಬ್ದಗಳಲ್ಲಿ ದೊರೆಯಿತು. ಸಾಕ್ಷಿಗಳ ನಡುವೆ ಇಷ್ಟು ಏಕವಾಕ್ಯತೆ ಕಂಡರೆ ಸಂಶಯಪಡಬೇಕೆಂದು ನಮಗೆ ಪ್ರೊಫೆಸರರು ಹೇಳಿಕೊಟ್ಟಿದ್ದರು. ಸಂಶಯಪಟ್ಟೆ. ಮುಂದಿನ ರಜೆಯಲ್ಲಿ ಮೋಟಾರಿನಲ್ಲಿ ಔರಾದಕ್ಕೆ ಹೋಗಿ, ಅಲ್ಲಿಂದ ಚಿಂತಾಕಿ ಸೇರಿದೆ. ಅಲ್ಲಿ ಅತ್ತೆಯವರ ಬಳಗ ನನ್ನನ್ನು ಊರ ಹೊರಗೇ ಎದುರುಗೊಂಡು, ‘ತಾಯಿಯ ತಾಯಿ’ ಎಂಬ ಉತ್ತರವನ್ನು ನಾನು ಬೇಡವೆಂದರೂ ಊಟದ ಜೊತೆಗೆ ಬಡಿಸಿತು. ಗಾಡಿ ಹೊಡೆಯುವವನೂ ಅದನ್ನೇ ಹೇಳಿದ.

ತರಬೇತಿ ಪಡೆಯದ ಒಬ್ಬನೇ ಒಬ್ಬ ಸಾಕ್ಷಿ ಆ ತಾಲೂಕಿನಲ್ಲಿ ಉಳಿದಿದ್ದ. ಅವನು ಕುರಿಗಾರ ಧೊಂಡಿಬಾ. ಅತ್ತೆಯವರ ಸಂದೇಶ ಬಂದಾಗ ಅವನು ಮಂದೆಯೊಡನೆ ದೂರದ ಹೊಲದಲ್ಲಿದ್ದುದರಿಂದ ಶುದ್ಧನಾಗಿ ಉಳಿದಿದ್ದ. ನಾನು ಹೋದಾಗ ಅವನು ಒಂದು ಟಗರನ್ನು ಮೊಣಕಾಲ ನಡುವೆ ಹಿಡಿದುಕೊಂಡು, ಅದರ ತಲೆಗೆ ಬೇವಿನ ಎಣ್ಣೆ ಸವರುತ್ತಿದ್ದ.

ಕುರಿ, ಕುರುಬ, ಎಣ್ಣೆ! ಮಂದೆಯ ಹಿಂದಿದ್ದ ಹುಡುಗನನ್ನು ಕರೆಸಿ ತಲೆಗೆ ಎಣ್ಣೆ ಹೊಯ್ದು ಅರಸನನ್ನಾಗಿ ಮಾಡಿದ ಬೈಬಲಿನ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಕೊಂಬಿನಲ್ಲಿ ತುಂಬಿದ ಎಣ್ಣೆ. ಕೊಂಬು ಯಾವುದರದು? ಟಗರಿನದು! ಮೂಲ ನನ್ನ ಕಣ್ಣೆದುರಿಗೆ ಮೊಣಕಾಲ ನಡುವೆ ಒದ್ದಾಡುತ್ತಿತ್ತು.

“ಧೊಂಡಿಬಾ, ಕುರಿ ತಲಿಗಿ ಎಣ್ಣಿ ಯಾಕ ಹಚ್ತಿ?”

ಅವನು ನನ್ನ ಕೋಟು ನೋಡಿದ, ಬಗಲಿನ ಬರೆಯುವ ಪುಸ್ತಕ ನೋಡಿದ. “ಹಚ್ಚಬಾರದೇನ್ರಿ? ಹೊಸಾ ಸರಕಾರದ ಹುಕುಮ ಬಂದದೇನ್ರಿ?”

“ಹಂಗಲ್ಲೋ. ನೊಣ ಕೂಡಬಾರದಂತ, ಮೂಗಿನ್ಯಾಗ ಹುಳಾ ಬೀಳಬಾರದಂತ ಹಚ್ತಿ. ಹೌದಲ್ಲ?”

“ಹೌದ್ರಿ.”

“ಹಿಂಗ ರಕ್ಷಣಾಕ್ಕಂತ ಹಚ್ಚಿದ್ದೇ ಮುಂದ ಮನುಷ್ಯಾರಿಗಿ ಆಶೀರ್ವಾದ ಆತು. ಹೌದಲ್ಲ?”

“ನೀವು ಅಂದ ಮ್ಯಾಲ ಹೌದ್ರಿ.”

(ಉತ್ತರವನ್ನು ಒಳಗಿಟ್ಟು ಪ್ರಶ್ನೆ ಕೇಳಬಾರದೆಂಬುದು ನಮ್ಮ ಕೆಲಸದ ಮೊದಲ ನಿಯಮ. ಆದರೆ ಬಿಸಿಲು ಏರುತ್ತಿತ್ತು. ಔರಾದದ ಮೋಟಾರು ಯಾರಿಗಾಗಿಯೂ ಕಾಯುತ್ತಿರಲಿಲ್ಲ.)

“ಬ್ಯಾರೆ ಏನರೆ ಕಾರಣ ಅದೇನು?” ಎಂದು ನಿಯಮಕ್ಕೆ ಗೌರವ ಕೊಟ್ಟು ಕೇಳಿದೆ.

“ಟಗರು ಗುದ್ದಾಡ್ತಾವಲ್ರಿ. ಹಣಿಗಿ ಎಣ್ಣಿ ಸವರಿದ್ರ ಜಾರತಾವ. ಪೆಟ್ಟು ಕೂಡಂಗಿಲ್ಲ.”

ಇದು ನನ್ನ ಸಿದ್ಧಾಂತಕ್ಕೆ ಸಂಬಂಧಪಟ್ಟದ್ದಲ್ಲವೆಂದು ಕೊನೆಯ ಪ್ರಶ್ನೆಗೆ ಬಂದೆ. “ಎಣ್ಣಿ ಹಚ್ಚೋ ಹಕ್ಕು ಯಾರದು?”

ಧೊಂಡಿಬಾ ಟಗರನ್ನು ಬಿಟ್ಟು ಕೈ ಒರೆಸಿಕೊಂಡ. “ಕುರಿ ಯಾರವೋ ಅವರದು ರಿ.”

ಮನೆಗೆ ಬಂದು ಊಟಕ್ಕೆ ಕುಳಿತಾಗ ಎಲ್ಲವನ್ನೂ ಲಿಡಿಯಾಳಿಗೆ ವಿವರಿಸಿದೆ. ಟಗರಿನ ಮಾತನ್ನೂ, ಒಂದು ವಿನೋದವೆಂದು, ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಜಾರತಾವಂತೇನು?” ಎಂದು ಕೇಳಿ, ಮತ್ತೆ ತಟ್ಟತೊಡಗಿದಳು.

ದೀಕ್ಷಾಸ್ನಾನದ ಹಿಂದಿನ ದಿನ, ಶನಿವಾರ, ನನ್ನ ಸಂಶೋಧನೆಯ ಫಲಿತಾಂಶವನ್ನು ನಡುಮನೆಯಲ್ಲಿ ಮಂಡಿಸಿದೆ. ಪಾಸ್ಟರ್ ಮಾರ್ಕ ಅವರನ್ನು ಮಧ್ಯಸ್ಥರಾಗಿ ಕರೆಸಿದ್ದೆ. ಅವರು ಬಾಗಿಲಿಗೆ ಹತ್ತಿರದ ಕುರ್ಚಿಯನ್ನು ಆರಿಸಿಕೊಂಡಿದ್ದರು. ತೊಟ್ಟಿಲಿನ ಒಂದು ಪಕ್ಕ ನಮ್ಮ ತಾಯಿ, ಇನ್ನೊಂದು ಪಕ್ಕ ಅತ್ತೆ. ಲಿಡಿಯಾ ಹಗ್ಗ ಹಿಡಿದಿದ್ದಳು.

ನಾನು ನಿಂತುಕೊಂಡು ಹೇಳಿದೆ. ಎಣ್ಣೆಯ ಅಭಿಷೇಕವು ಪ್ರಾಚೀನವಾದದ್ದು. ಅರಸರಿಗೂ ಯಾಜಕರಿಗೂ ರೋಗಿಗಳಿಗೂ ಅದು ಸಲ್ಲುತ್ತಿತ್ತು. ನಮ್ಮಲ್ಲಿಯೂ ಶನಿವಾರ ಹಣಮಂತನಿಗೆ, ಪೋಳಾ ಹಬ್ಬದಲ್ಲಿ ಎತ್ತಿನ ಕೊಂಬಿಗೆ, ಹೊಸ ಅಳಿಯನಿಗೆ ಎಣ್ಣೆ ಸಲ್ಲುತ್ತದೆ. ಒಂದು ಜೀವವನ್ನು ಬೇರೆಯಾಗಿ ಎತ್ತಿಟ್ಟು, ‘ಇದು ಕಾಯಬೇಕಾದದ್ದು’ ಎಂದು ಗುರುತು ಮಾಡುವುದೇ ಇದರ ಅರ್ಥ. ಇಲ್ಲಿಯವರೆಗೆ ಎಲ್ಲರೂ ತಲೆದೂಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವೇ ಹುಟ್ಟುತ್ತಿರಲಿಲ್ಲ.

“ಇದರ ಮೂಲವು ಕುರುಬರಲ್ಲಿದೆ ಎಂದು ನನ್ನ ಕ್ಷೇತ್ರಕಾರ್ಯದಿಂದ ಕಂಡುಬಂದಿದೆ” ಎಂದೆ. “ಕುರಿಯ ತಲೆಗೆ ನೊಣ ಮುತ್ತಬಾರದು, ಹುಳ ಬೀಳಬಾರದು ಎಂದು...”

“ಏನಂದಿ?” ಎಂದರು ನಮ್ಮ ತಾಯಿ.

“ಕುರಿಯ...”

“ನನ್ನ ಮೊಮ್ಮಗ ಕುರಿ ಅಂತೇನು?”

“ಅಳಿಯಂದ್ರ, ನಮ್ಮ ಕೂಸಿನ ತಲ್ಯಾಗ ಹುಳಾ ಬಿದ್ದಾವಂತೇನ್ರಿ?” ಎಂದು ಅತ್ತೆ ತೊಟ್ಟಿಲಿಗೆ ಅಡ್ಡ ಕೈಯಿಟ್ಟರು.

“ಅತ್ತೀ, ಮೂಲದೊಳಗ ಅಂದೆ ನಾ. ಈಗಿನ ಮಾತಲ್ಲ.”

“ನಮ್ಮ ಮನಿತನದಾಗ ಮೂಲದಿಂದಲೂ ಯಾರ ತಲ್ಯಾಗೂ ಹುಳಾ ಬಿದ್ದಿಲ್ಲ ರಿ. ನಿಮ್ಮ ತಲ್ಯಾಗ ಒಂದು ಹೊಕ್ಕದ, ಅದಕ್ಕೇ ಊರೂರು ತಿರಗಸ್ತದ.”

“ಬರೋಬ್ಬರಿ ಅಂದ್ರಿ ಬೀಗ್ತೇರ” ಎಂದರು ನಮ್ಮ ತಾಯಿ. ಅವರಿಬ್ಬರೂ ಒಮ್ಮತಕ್ಕೆ ಬಂದದ್ದನ್ನು ನಾನು ಅಂದು ಮೊದಲ ಬಾರಿ ಕಂಡೆ. ಆದರೆ ಅದರ ಮಹತ್ವ ಆಗ ಹೊಳೆಯಲಿಲ್ಲ.

ಮಾರ್ಕ ಅವರು ಕೆಮ್ಮಿ, “ಅಂದ್ರ ಮಾಸ್ತರ, ಹಚ್ಚೋ ಹಕ್ಕು ಕಡೀಕ ಯಾರದಂತ ಬಂತು?” ಎಂದರು.

“ಸಾಕ್ಷ್ಯದ ಪ್ರಕಾರ, ಕುರಿ ಯಾರದೋ ಅವರದು. ಅಂದರೆ ಮಂದೆಯ ಯಜಮಾನನದು.”

“ಯಜಮಾನ ಯಾರು ರಿ?” ಎಂದು ಲಿಡಿಯಾ ಹಗ್ಗ ಎಳೆಯುತ್ತ ಕೇಳಿದಳು.

ನಾನು ಕನ್ನಡಕ ಒರೆಸಿಕೊಂಡೆ. “ತಾತ್ವಿಕವಾಗಿ ನೋಡಿದರೆ... ತಂದೆ.”

ಆಮೇಲೆ ನಡೆದ ಚರ್ಚೆಯನ್ನು ದಾಖಲಿಸಲು ನನ್ನ ಲೇಖನಿಗೆ ವೇಗ ಸಾಲದು. ಹೊರಡುವ ಮೊದಲು ಪಾಸ್ಟರರು ಹೊಸಿಲ ಮೇಲೆ ನಿಂತು ಒಂದು ರಾಜಿ ಸೂಚಿಸಿದರು. ನಾಳೆ ಮುಂಜಾನೆ ಚರ್ಚಿಗೆ ಬರುವ ಮೊದಲು ಇಬ್ಬರು ತಾಯಂದಿರೂ ಒಟ್ಟಿಗೆ ಕುಂಚಿಗೆ ಬಿಚ್ಚಿ, ಒಟ್ಟಿಗೆ ಎಣ್ಣೆ ಹಚ್ಚಲಿ. ಇಬ್ಬರೂ ಒಪ್ಪಿದರು. ಒಪ್ಪಿದ ರೀತಿಯಲ್ಲಿಯೇ ಯಾರು ಒಂದು ಉಸಿರು ಮುಂಚೆ ಕೈ ಚಾಚುವುದೆಂಬ ಲೆಕ್ಕಾಚಾರ ಕಾಣುತ್ತಿತ್ತು. ಲಿಡಿಯಾ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಮುಂಜಾನೆ ಇಬ್ಬರೂ ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ಸಿದ್ಧರಾದರು. ಒಂದು ಅಂಗೈಯಲ್ಲಿ ಕುಸುಬೆ, ಇನ್ನೊಂದರಲ್ಲಿ ಎಳ್ಳು. ಇನ್ನೊಂದು ಕೈಯಿಂದ ಒಬ್ಬೊಬ್ಬರು ಕುಂಚಿಗೆಯ ಒಂದೊಂದು ಲಾಡಿ ಹಿಡಿದರು. ಲಾಡಿ ಬಿಚ್ಚಿತು. ಕುಂಚಿಗೆ ಜಾರಿತು.

ಕೂಸಿನ ತಲೆ ಮಿಂಚುತ್ತಿತ್ತು.

ಸುಣ್ಣದ ಗೋಡೆಯಲ್ಲ, ಹೊಸದಾಗಿ ಉಜ್ಜಿದ ಹಿತ್ತಾಳೆಯ ತಂಬಿಗೆ. ಕಪ್ಪು ಕೂದಲು ಒತ್ತೊತ್ತಾಗಿ ನೆತ್ತಿಗೆ ಅಂಟಿಕೊಂಡಿತ್ತು. ಕುಸುಬೆಯೂ ಅಲ್ಲದ ಎಳ್ಳೂ ಅಲ್ಲದ ಕೊಬ್ಬರಿ ಎಣ್ಣೆಯ ಪರಿಮಳ ನಡುಮನೆಯಲ್ಲಿ ಹರಡಿತು. ಒಂದು ದಿನದ್ದಲ್ಲ, ದಿನದಿನವೂ ತಪ್ಪದೆ ಒತ್ತಿದ ಎಣ್ಣೆ ಎಂಬುದು ನನ್ನಂಥವನಿಗೂ ತಿಳಿಯುವಂತಿತ್ತು.

“ಯಾರು ಹಚ್ಚಿದ್ದು?” ಎಂದು ಇಬ್ಬರೂ ಒಂದೇ ಬಾಯಿಂದ ಕೇಳಿದರು.

ನಾನು ಲಿಡಿಯಾಳ ಕಡೆ ನೋಡಿದೆ. ಊರಿನ ಕೂಸುಗಳನ್ನೆಲ್ಲ ಹುಟ್ಟಿದ ಗಳಿಗೆಯಲ್ಲಿ ಎತ್ತಿಕೊಳ್ಳುವ ಕೈ ತನ್ನ ಕೂಸನ್ನು ಮಾತ್ರ ಒಣಗಲು ಬಿಡುತ್ತದೆಯೆ? ಬೀದರದಿಂದ ಚಿಂತಾಕಿಯ ತನಕ ಕಂಡಕಂಡವರನ್ನು ಕೇಳಿದ ನಾನು ಆ ಪ್ರಶ್ನೆಯನ್ನು ಎದುರಿಗೆ ರೊಟ್ಟಿ ತಟ್ಟುತ್ತಿದ್ದವಳಿಗೆ ಕೇಳಿರಲಿಲ್ಲ.

ಲಿಡಿಯಾ ಸೆರಗು ಸರಿಮಾಡಿಕೊಂಡು, ಬೇಸರದ ದನಿಯಲ್ಲಿ ಹೇಳಿದಳು: “ಇವ್ರೇ ರಿ. ದಿನಾ ಹಚ್ತಾರ. ನಾ ಬ್ಯಾಡಂದ್ರೂ ಕೇಳಂಗಿಲ್ಲ.”

ನಾನು ಬಾಯಿ ತೆರೆದೆ. ಲಿಡಿಯಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಮರುದಿನ ಮುಗಿಯುವ ರಜೆಯಿತ್ತು, ತೊಟ್ಟಿಲಿತ್ತು, ಒಲೆಯಿತ್ತು, ಭಾಲ್ಕಿಯ ರೈಲೂ ಔರಾದದ ಮೋಟಾರೂ ಇದ್ದವು. ನಾನು ಬಾಯಿ ಮುಚ್ಚಿದೆ.

“ನಿನ್ನಿ ಇಂವನೇ ಹೇಳಲಿಲ್ಲೇನು, ಹಕ್ಕು ಅಪ್ಪಂದು ಅಂತ!” ಎಂದರು ನಮ್ಮ ತಾಯಿ. “ಎಲ್ಲಾ ಮೊದಲೇ ಹಚ್ಚಿ ಮುಗಿಸಿ, ಆಮ್ಯಾಗ ಮೂಲ ಹುಡುಕ್ಲಿಕ್ಕಿ ಹೋಗ್ಯಾನ!”

“ಗ್ರೇಸಗೂ ಇವರೇ ಹಚ್ಚಿದ್ರು. ಚಟಾ ಬಿದ್ದದ ರಿ ಬೀಗ್ತೇರ” ಎಂದರು ಅತ್ತೆ.

“ಹೌದೇನೋ? ನೀನೇ ಹಚ್ಚಿದೇನು?”

ನಾಲ್ಕು ಹಿರಿಯ ಕಣ್ಣುಗಳ ಎದುರು ನಾನು, “ಹೌದವ್ವ” ಎಂದೆ. ಜೀವಮಾನವೆಲ್ಲ ಬೇರೆಯವರ ಸಾಕ್ಷ್ಯವನ್ನು ಸಂಶಯಿಸಿದ ನಾನು ಕೊಟ್ಟ ಸುಳ್ಳು ಸಾಕ್ಷ್ಯವನ್ನು ಅವರು ಕಿಂಚಿತ್ತೂ ಸಂಶಯಿಸಲಿಲ್ಲ.

“ತಲಿ ಕಾದದ ಇವಂದು. ತಂಪು ಮಾಡಬೇಕು” ಎಂದು ನಮ್ಮ ತಾಯಿ ಬಾಟಲಿ ಎತ್ತಿಕೊಂಡರು. ಆಗ ನಡೆದ ಸಂಭಾಷಣೆಯನ್ನು ಅಕ್ಷರಶಃ ಕೊಡುತ್ತೇನೆ.

“ಬೀಗ್ತೇರ, ನೀವು ಮೊದಲು ಹೊಯ್ಯರಿ.”

“ಛೇ ಛೇ, ನೀವು ಹಿರೇರು. ನೀವೇ ಮೊದಲು.”

“ಹಂಗಂದ್ರ ಹ್ಯಾಂಗ್ರಿ? ಅಳಿಯಾ ನಿಮ್ಮಾಂವ.”

“ಮಗಾ ನಿಮ್ಮಾಂವ ರಿ. ನಾ ನಿಮ್ಮ ಹಿಂದಿಂದ ಹೊಯ್ತೇನಿ.”

ಯಾವ ಔದಾರ್ಯಕ್ಕಾಗಿ ನಾನು ಮೂರು ತಾಲೂಕು ತಿರುಗಿದ್ದೆನೋ ಅದು ನನ್ನ ತಲೆಯ ಮೇಲೆಯೇ ಸುರಿಯಿತು. ಮೊದಲು ಕುಸುಬೆ, ಅದರ ಮೇಲೆ ಎಳ್ಳು. ಹಕೀಮರು ಹೇಳಿದ ಮೆತ್ತನೆಯ ಕೈ ಎರಡರಲ್ಲಿ ಯಾವುದೂ ಅಲ್ಲವೆಂದು ಖಚಿತವಾಯಿತು.

ಚರ್ಚಿನಲ್ಲಿ ಮುಂದಿನ ಬೆಂಚಿನ ಮೇಲೆ ಕುಳಿತೆ. ಎಣ್ಣೆ ಕಿವಿಯ ಹಿಂದಿನಿಂದ ಇಳಿದು ಇಸ್ತ್ರಿ ಮಾಡಿದ ಕಾಲರನ್ನು ದಾಟಿತು. ಕೂಸನ್ನು ಕೈಗೆ ತೆಗೆದುಕೊಳ್ಳುವಾಗ ಪಾಸ್ಟರ್ ಮಾರ್ಕ ಅವರು ಕೂಸಿನ ತಲೆ ನೋಡಿದರು, ನನ್ನ ತಲೆ ನೋಡಿದರು, ಮತ್ತು ಅನುಭವಿ ಮನುಷ್ಯರಾದ್ದರಿಂದ ನೇರವಾಗಿ ನೀರಿಗೆ ಕೈ ಹಾಕಿದರು. ಹಿಂದಿನ ಬೆಂಚಿನಲ್ಲಿ ನಮ್ಮ ತಾಯಿಯೂ ಅತ್ತೆಯೂ ಒಂದೇ ಹಾಡಿನ ಪುಸ್ತಕ ಹಿಡಿದುಕೊಂಡು ಹಾಡುತ್ತಿದ್ದರು.

ಮನೆಗೆ ಬಂದ ಮೇಲೆ ಲಿಡಿಯಾ ನನ್ನ ಕಾಲರನ್ನು ಸಬೂನು ನೀರಿನಲ್ಲಿ ನೆನೆಹಾಕುತ್ತಿದ್ದಳು. “ನನ್ನ ಹೆಸರು ಯಾಕ ಹೇಳಿದಿ?” ಎಂದು ಕೇಳಿದೆ.

“ಇಬ್ಬರೊಳಗ ಒಬ್ಬರ ಹೆಸರು ಹೇಳಿದ್ರ ಇನ್ನೊಬ್ಬರು ಊರಿಗಿ ಹೋಗ್ತಿದ್ರು. ನಂದು ಹೇಳಿದ್ರ ಇಬ್ಬರೂ ಹೋಗ್ತಿದ್ರು. ನೀವು ಎಲ್ಲಿಗಿ ಹೋಗ್ತೀರಿ?”

ನಾನು ಇನ್ನೂ ಜಿಡ್ಡಾಗಿದ್ದ ಕಿವಿಯನ್ನು ಒರೆಸಿಕೊಂಡೆ.

“ಟಗರು ಜಾರಲಿಕ್ಕಿ ಎಣ್ಣಿ ಬೇಕಂತ ನೀವೇ ಕೇಳಿಕೊಂಡು ಬಂದೀರಲ್ಲ. ಖರೇನೇ ಅದ ನೋಡ್ರಿ” ಎಂದು ಅವಳು ಕಾಲರನ್ನು ಹಿಂಡಿದಳು.

ಲಿಡಿಯಾ ಮರುದಿನ ದವಾಖಾನೆಗೆ ಹೋದಳು. ಅಜ್ಜಿಯರು ಇಬ್ಬರೂ ಉಳಿದರು. ಉಳಿದದ್ದಷ್ಟೇ ಅಲ್ಲ, ಅನ್ಯೋನ್ಯವಾಗಿ ಉಳಿದರು. ಕೂಸು ಅತ್ತರೆ ನನ್ನ ಕೈಯ ಗುಣ, ಹಾಲು ಕಕ್ಕಿದರೆ ನನ್ನ ಕೈಯ ಗುಣ, ಮುಂದೆ ಬರೆಯುವ ಬಳಪವನ್ನು ತಿಂದರೂ ನನ್ನ ಕೈಯ ಗುಣ. ನಕ್ಕರೆ ಮಾತ್ರ ಭಾಲ್ಕಿಗೂ ಚಿಂತಾಕಿಗೂ ಸಮಪಾಲು.

ಕೆಲವು ವರ್ಷಗಳ ಮೇಲೆ, ಸಂಸ್ಥಾನ ಒಡೆದು ನಾವು ಮೈಸೂರಿನ ಕಡೆಗೆ ಸೇರುವುದು ನಿಶ್ಚಯವಾದ ದಿನಗಳಲ್ಲಿ, ಭಾಲ್ಕಿಯ ಆಚೆಯ ಒಂದು ಹಳ್ಳಿಗೆ ಹೋಗಿದ್ದೆ. ನನ್ನ ಹೆಸರು ಗೊತ್ತಿಲ್ಲದ, ಮುಖ ಗೊತ್ತಿಲ್ಲದ ಅಂಜನಾಬಾಯಿ ಎಂಬ ಮುದುಕಿ ಕುರಿಹಟ್ಟಿಯ ಮುಂದೆ ಕುಳಿತಿದ್ದಳು. ಸಾಕ್ಷಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಪ್ರಶ್ನೆಯೊಳಗೆ ಉತ್ತರವನ್ನು ಬಚ್ಚಿಡದಂತೆ ನಾನೂ ಎಚ್ಚರದಿಂದ ಇದ್ದೆ. ಕೂಸಿನ ನೆತ್ತಿಗೆ ನಿಮ್ಮಲ್ಲಿ ಯಾರು ಎಣ್ಣೆ ಹಚ್ಚುತ್ತಾರೆ ಎಂದಷ್ಟೇ ಕೇಳಿದೆ.

“ಅಪ್ಪ ಹಚ್ಚಬೇಕು ರಿ. ಯಾರಿಗೂ ಹೇಳದ, ಕಳ್ಳತನದಿಂದ ಹಚ್ಚಬೇಕು. ಆಮ್ಯಾಗ ಬೀಗ್ತೇರು ಇಬ್ಬರೂ ಬಂದು ಕುಂಚಿಗಿ ಬಿಚ್ಚಬೇಕು. ಬಿಚ್ಚಿ, ಅಪ್ಪಗ ಛಲೋತ್ನ್ಯಾಗ ಬೈದು, ಅವನ ತಲಿಗಿ ಎಣ್ಣಿ ಹೊಯ್ಯಬೇಕು. ಅಂದ್ರೇ ಕೂಸಿಗಿ ಆಯುಷ್ಯ.”

ನನ್ನ ಪೆನ್ಸಿಲು ನಿಂತಿತು. “ಈ ಪದ್ಧತಿ ಎಂದಿನಿಂದ ಅದ ಆಯಿ?”

“ಭಾಳ ಹಳೀದು ರಿ. ನಿಜಾಮನ ಮುತ್ತ್ಯಾನ ಕಾಲದ್ದು.”

“ಅಷ್ಟು ಹಳೀದು ಇರಲಿಕ್ಕಿಲ್ಲ...” ಎಂದು ನಾನು ಆರಂಭಿಸಿ, ಹೇಳುವವರ ಮಾತನ್ನು ಖಂಡಿಸಬಾರದೆಂಬ ನಿಯಮ ನೆನಪಾಗಿ ಅಲ್ಲಿಗೇ ಬಿಟ್ಟೆ.

ಮುದುಕಿ ನನ್ನ ತಲೆಯನ್ನು ಮರುಕದಿಂದ ನೋಡಿದಳು. “ಯಾಕ್ರಿ, ನಿಮ್ಮ ಅವ್ವ, ನಿಮ್ಮ ಅತ್ತಿ, ನಿಮಗ ಒಮ್ಮಿನೂ ಹೊಯ್ದಿಲ್ಲೇನು?”

“ಹೊಯ್ದಾರ” ಎಂದೆ.

“ಮತ್ತ ಇಷ್ಟು ದೂರ ಬಂದು ನನಗ ಯಾಕ ಕೇಳ್ತೀರಿ?”